ಎದೆಹಾಲಿಗೆ ಯಾರು ಕಾಗದ ಬರೆಸುತ್ತಾರೆ

ಆ ಮಗುವಿನಿಂದಾಗಿ ನನಗೆ ಕೈತಪ್ಪಿದ್ದು ಪುತ್ತೂರು ಪೇಟೆಯ ಒಂದು ಅಂಗಡಿ ಕೋಣೆ. ಮಾರುಕಟ್ಟೆಗೆ ಹೋಗುವ ದಾರಿಯ ತಿರುವಿನಲ್ಲಿತ್ತು. ಸಂತೆಗೆ ಬಂದವನು ಬೇಕೆಂದರೂ ಬೇಡವೆಂದರೂ ಅದರ ಎದುರು ಹಾದೇ ಹೋಗಬೇಕು. ಅಂಥ ಜಾಗ ವ್ಯಾಪಾರಿಗೆ ಜನ್ಮದಲ್ಲಿ ಒಮ್ಮೆ ಸಿಗುವುದು. ಕೋಣೆಯ ಯಜಮಾನ ಮೊದಲು ಹೇಳಿದ ಬಾಡಿಗೆಯಿಂದ ಅವನನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಎರಡು ಮಳೆಗಾಲ ಕಾದು, ನನ್ನ ಮಾತಿಗೆ ತಂದು ನಿಲ್ಲಿಸಿದ್ದೆ. ಅಷ್ಟೆಲ್ಲ ಮಾಡಿ ಕೊನೆಗೆ "ಬೇಡ" ಎಂದವನೂ ನಾನೇ. ಕಾರಣ ಇಷ್ಟೇ: ನಾನು ಕಡಬ ಬಿಟ್ಟು ಪುತ್ತೂರಿಗೆ ಬಂದು ಕೂತರೆ ಆ ಮಗುವಿನ ತಂದೆಗೆ ಭಾನುವಾರ ನಡೆದುಬಂದು ಮಗಳನ್ನು ನೋಡಿ ಸಂಜೆಯೊಳಗೆ ಗುಡ್ಡ ಹತ್ತಲು ಆಗುತ್ತಿರಲಿಲ್ಲ.

ಕೋಣೆ ಬೇರೆಯವರ ಪಾಲಾಯಿತು. ಅವರು ಈಗ ದೊಡ್ಡವರಾಗಿದ್ದಾರೆ. ಎದುರಿಗೆ ಸಿಕ್ಕಾಗ ಚಹಾ ಕುಡಿಸುತ್ತಾರೆ, ನಾನು ಕುಡಿಯುತ್ತೇನೆ.

ನನ್ನದು ಒಣಮೀನಿನ ವ್ಯಾಪಾರ. ಮೊದಲು ತಲೆಹೊರೆಯಲ್ಲಿ ಸುಳ್ಯದ ಸಂತೆಗೂ ಕಡಬದ ಸಂತೆಗೂ ಹೊತ್ತು ಮಾರಿದವನು. ಆಮೇಲೆ ಕಡಬದಲ್ಲಿ ಒಂದು ಹುಲ್ಲಿನ ಮಾಡಿನ ಅಂಗಡಿ ಹಾಕಿದೆ. ಅದು ಐವತ್ತರ ದಶಕ. ತಿರುವಾಂಕೂರು ಕಡೆಯ ಕ್ರೈಸ್ತರು ಕಡಬ, ನೆಲ್ಯಾಡಿಯ ಕಾಡುಗುಡ್ಡಗಳನ್ನು ಕ್ರಯಕ್ಕೆ ತೆಗೆದು, ಮರ ಕಡಿದು, ಮರಗೆಣಸು ನೆಟ್ಟು ಗುಡಿಸಲು ಕಟ್ಟುತ್ತಿದ್ದ ಕಾಲ. ಮರಗೆಣಸು ತಿನ್ನುವವರಿಗೆ ಒಣಮೀನು ಬೇಕೇ ಬೇಕು. ಊರವರು ಅವರನ್ನು ದೂರದಿಂದ ನೋಡುತ್ತಿದ್ದಾಗ ನಾನು ಅವರ ಭಾಷೆಯಲ್ಲೇ ಮಾತಾಡಿ ಗಿರಾಕಿ ಮಾಡಿಕೊಂಡೆ. ನಮ್ಮ ಬ್ಯಾರಿ ಭಾಷೆಗೂ ಮಲೆಯಾಳಕ್ಕೂ ಅಂಥ ದೂರ ಇಲ್ಲ. ಅವರಿಗೆ ನಾನು ಇಕ್ಕಾ, ಅಂದರೆ ಅಣ್ಣ; ನನಗೆ ಅವರು ಚೇಟಾ, ಅದೂ ಅಣ್ಣನೇ.

ಆ ಗಿರಾಕಿಗಳಲ್ಲಿ ಒಬ್ಬನ ಹೆಂಡತಿ ಎರಡನೇ ಹೆರಿಗೆಯಾದ ಬೆನ್ನಿಗೇ ಚಳಿಜ್ವರದಲ್ಲಿ ತೀರಿಕೊಂಡಳು. ಆ ಗುಡ್ಡಗಳಲ್ಲಿ ಜ್ವರ ಆಗ ಪ್ರತಿ ಗುಡಿಸಲಿನಿಂದಲೂ ಒಬ್ಬರನ್ನು ಕೇಳುತ್ತಿತ್ತು. ಅವನಲ್ಲಿ ಉಳಿದದ್ದು ಅಡುಗೆ ಮಾಡುವಷ್ಟು ಬೆಳೆದ ಒಬ್ಬ ಮಗಳು, ಮತ್ತು ಕಣ್ಣು ಸರಿಯಾಗಿ ಬಿಡದ ಈ ಶಿಶು. ದನದ ಹಾಲು ಕುಡಿಸಿದರೆ ವಾಂತಿ. ಅಕ್ಕಿ ಗಂಜಿಯ ತಿಳಿ ಕುಡಿಸಿದರೆ ಭೇದಿ. ಅವನು ಮಗುವನ್ನು ತನ್ನ ಪಂಚೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ. ಮೀನು ಕೇಳಲಿಲ್ಲ.

"ಇಕ್ಕಾ, ಇದು ಇವತ್ತು ರಾತ್ರಿ ದಾಟುದಿಲ್ಲ," ಎಂದ.

ನಮ್ಮ ಮಗುವನ್ನು ನಾವು ಮಣ್ಣು ಮಾಡಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಹೆಂಡತಿ ಎದೆ ಕಟ್ಟಿ ಜ್ವರ ಬಂದು, ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಹೂ ಕಟ್ಟಿಕೊಂಡು ಅಂಗಡಿಯ ಹಿಂದಿನ ಮನೆಯಲ್ಲಿ ಮಲಗಿದ್ದಳು. ನಾನು ಅವಳನ್ನು ಕೇಳಲು ಬಾಗಿಲಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಮಗುವಿನ ಅಳು ಒಳಗೆ ಕೇಳಿರಬೇಕು. ಅದು ಅಳುವೂ ಅಲ್ಲ, ಬೆಕ್ಕಿನ ಮರಿಯ ದನಿ.

"ಯಾರದ್ದು ಅಂತ ಆಮೇಲೆ ಹೇಳಿ. ಮೊದಲು ಇಲ್ಲಿ ಕೊಡಿ," ಎಂದಳು.

ನಮ್ಮಲ್ಲಿ ಒಂದು ಪದ್ಧತಿ ಉಂಟು. ಒಬ್ಬ ಹೆಂಗಸಿನ ಎದೆಹಾಲು ಹೊಟ್ಟೆ ತುಂಬ ಕುಡಿದು ಬೆಳೆದ ಮಗು ಆ ಮನೆಯ ಮಗುವೇ. ಆ ಮನೆಯ ಮಕ್ಕಳು ಅದಕ್ಕೆ ಅಣ್ಣ ತಂಗಿ. ಅವರೊಳಗೆ ಮದುವೆ ಕೂಡ ಸಲ್ಲ. ನಾನು ಮಸೀದಿಯ ಮುಸ್ಲಿಯಾರರಲ್ಲಿ ಹೋಗಿ ಕೇಳಿದೆ. ಅವರು, "ಹಾಲು ಕೊಡುದು ಪುಣ್ಯದ ಕೆಲಸ. ಆದರೆ ಅದರ ತಂದೆಯ ಹೆಸರು ಅಳಿಸಿ ನಿನ್ನ ಹೆಸರು ಇಡ್ಲಿಕ್ಕೆ ಹೋಗಬೇಡ. ಅದು ಸಲ್ಲ," ಎಂದರು. ಹಾಗಾಗಿ ಮಗುವಿನ ಹೆಸರು ಅವರು ಇಟ್ಟದ್ದೇ ಉಳಿಯಿತು. ಕೊರಳಿನ ಕಪ್ಪು ನೂಲಿನಲ್ಲಿ ಚಿಕ್ಕ ಶಿಲುಬೆಯೂ ಉಳಿಯಿತು. ನೂಲು ಹರಿದಾಗಲೆಲ್ಲ ಹೊಸ ನೂಲು ಪೋಣಿಸಿದವಳು ನನ್ನ ಹೆಂಡತಿ. ಅಂಗಡಿಗೆ ಬಂದವರು ಬಿಡುತ್ತಾರೆಯೇ?

"ಎಂತ ಬ್ಯಾರಿಗಳೇ, ನಿಮ್ಮ ಮನೆಯಲ್ಲಿ ಪೂಜೆಗೆ ಪಾದ್ರಿಗಳು ಯಾವಾಗ ಬರುದು?"

"ನೀವು ಹಳೇ ಬಾಕಿ ತಂದುಕೊಟ್ಟ ಮರುದಿನ," ಎನ್ನುತ್ತಿದ್ದೆ. ಆ ಗಿರಾಕಿ ಮತ್ತೆ ಆ ವಿಷಯ ಎತ್ತುತ್ತಿರಲಿಲ್ಲ.

ಮಗು ಕೈಕಾಲು ತುಂಬಿಕೊಂಡ ಮೇಲೆ ತಂದೆ ಒಮ್ಮೆ ಹೇಳಿದ್ದುಂಟು: "ಇಕ್ಕಾ, ಪುತ್ತೂರಿಗೆ ಹೋಗಿ ಎಂತಾದರೂ ಒಂದು ಕಾಗದ ಬರೆಸುವಾ? ನಾಳೆ ನನಗೆ ಏನಾದರೂ ಆದರೆ?" ಅಂಗಡಿಯ ಜಗಲಿಯಲ್ಲಿ ಕೂತಿದ್ದ ಹಿರಿಯರೆಲ್ಲ ನಕ್ಕರು. ಎದೆಹಾಲಿಗೆ ಯಾರು ಕಾಗದ ಬರೆಸುತ್ತಾರೆ ಮಾರಾಯ, ಹಾಲೇ ಕಾಗದ ಅಲ್ಲವಾ, ಎಂದರು. ಅವನೂ ನಕ್ಕ, ನಾನೂ ನಕ್ಕೆ. ಒಂದು ಮೂಟೆ ಉಪ್ಪು ಸಾಲ ಕೊಟ್ಟರೂ ಹೆಬ್ಬೆಟ್ಟು ಒತ್ತಿಸುವ ಊರು ನಮ್ಮದು. ಮಗುವಿನ ವಿಷಯಕ್ಕೆ ಮಾತ್ರ ಕಾಗದ ಕೇಳುವುದು ಅವಮಾನ ಎಂದು ನಾವೆಲ್ಲ ತಿಳಿದಿದ್ದೆವು. ಜೊತೆಗೆ, ಬದುಕಿರುವವನ ಎದುರು "ನೀನು ಸತ್ತರೆ" ಎಂದು ಮಾತಾಡಬಾರದು ಎಂಬುದು ಇನ್ನೊಂದು. ಈ ಎರಡು ಮರ್ಯಾದೆಗಳ ನಡುವೆ ಅವನ ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು.

ಭಾನುವಾರ ಗುಡ್ಡದ ಚಪ್ಪರದ ಇಗರ್ಜಿಯಲ್ಲಿ ಪೂಜೆ ಮುಗಿಸಿ ತಂದೆ, ದೊಡ್ಡ ಮಗಳು ಇಬ್ಬರೂ ಇಳಿದು ಬರುತ್ತಿದ್ದರು. ಅವನು ಒಂದು ಗೆಣಸಿನ ಕಟ್ಟು ತರುತ್ತಿದ್ದ, ಬರಿಗೈಯಲ್ಲಿ ಬಂದವನಲ್ಲ. ಅಕ್ಕ ತಂಗಿಯ ತಲೆ ಬಾಚಿ ಜಡೆ ಹೆಣೆದು, ಜಪ ಹೇಳಿಕೊಡುತ್ತಿದ್ದಳು. ಚಿಕ್ಕವಳು ಅವನನ್ನು "ಚಾಚ" ಎಂದೂ, ನನ್ನನ್ನು "ಉಪ್ಪ" ಎಂದೂ, ನನ್ನ ಹೆಂಡತಿಯನ್ನು "ಉಮ್ಮ" ಎಂದೂ ಕರೆಯುತ್ತಿದ್ದಳು. ಇಬ್ಬರು ಅಪ್ಪಂದಿರು ಇರುವುದು ಅವಳಿಗೆ ಒಂದು ಹೆಚ್ಚುಗಾರಿಕೆಯಾಗಿತ್ತೇ ಹೊರತು ಗೊಂದಲ ಆಗಿರಲಿಲ್ಲ. ಶಾಲೆಗೆ ಸೇರಿಸಿದಾಗ ಮಾಸ್ತರರು ತಂದೆಯ ಹೆಸರು ಕೇಳಿದರೆ, "ಗುಡ್ಡದ್ದಾ, ಅಂಗಡಿಯದ್ದಾ?" ಎಂದು ಅವರನ್ನೇ ತಿರುಗಿ ಕೇಳಿದಳಂತೆ.

ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಚಾಚ ಸತ್ತ. ಕಡಿಯುತ್ತಿದ್ದ ಮರ ಅವನು ಎಣಿಸಿದ ಕಡೆಗೆ ಬೀಳಲಿಲ್ಲ.

ಹೂಳಿದ ವಾರದೊಳಗೆ ತಿರುವಾಂಕೂರಿನ ಊರಿನಿಂದ ಅವನ ಅಣ್ಣ ಬಂದ. ಬಿಳಿ ಮುಂಡು, ಕಂಕುಳಲ್ಲಿ ಕೊಡೆ, ಮಾತು ಕಡಿಮೆ. ಕೆಟ್ಟ ಮನುಷ್ಯ ಎಂದು ಹೇಳಲಾರೆ. ತಮ್ಮನ ಮಕ್ಕಳು ಕಾಡಿನಲ್ಲಿ ಅನಾಥರಾಗಿ ಉಳಿಯಬಾರದೆಂದು ಎರಡು ದಿನ ಪ್ರಯಾಣ ಮಾಡಿ ಬಂದಿದ್ದ. ಅಂಗಡಿಯ ಬೆಂಚಿನಲ್ಲಿ ಕೂತು ಹೇಳಿದ:

"ಇಕ್ಕಾ, ನೀವು ಮಾಡಿದ ಉಪಕಾರ ದೇವರು ನೋಡಿದ್ದಾನೆ. ನಾವು ಸೋಮವಾರದ ಬಸ್ಸಿಗೆ ಹೊರಡ್ತೇವೆ. ಮಗುವಿನ ಬಟ್ಟೆ ಕಟ್ಟಿ ಇಡಿ."

"ಬಟ್ಟೆ ಕಟ್ಟುದು ಐದು ನಿಮಿಷದ ಕೆಲಸ ಚೇಟಾ. ಅವಳು ನಮ್ಮ ಮನೆಯ ಹಾಲು ಕುಡಿದವಳು."

"ಹಾಲಿನ ಋಣ ನಮಗೂ ಗೊತ್ತುಂಟು. ಆದರೆ ರಕ್ತ ನಮ್ಮದು ಅಲ್ವಾ?"

ವ್ಯಾಪಾರದಲ್ಲಿ ಮೊದಲ ಬೆಲೆ ಕೇಳಿದ ಕೂಡಲೇ ಉತ್ತರ ಕೊಡಬಾರದು, ಹೊತ್ತು ಕೊಳ್ಳಬೇಕು. ನಾನು ಅವನ ತಮ್ಮನ ನಲವತ್ತನೇ ದಿನದ ಪೂಜೆಯ ಮಾತೆತ್ತಿದೆ. ಹೂಳಿದ ಮಣ್ಣು ಇಲ್ಲಿರುವಾಗ ಮಕ್ಕಳನ್ನು ಮೊದಲೇ ಕರೆದುಕೊಂಡು ಹೋದರೆ ಇಗರ್ಜಿಯವರು ಎಂತ ಹೇಳಿಯಾರು, ಎಂದೆ. ಅವನು ಯೋಚಿಸಿದ. ಒಪ್ಪಿದ. ದೊಡ್ಡ ಹುಡುಗಿಯ ಜೊತೆ ಗುಡಿಸಲಿನಲ್ಲಿ ಉಳಿದ.

ಮನೆಗೆ ಬಂದು ಹೇಳಿದಾಗ ಹೆಂಡತಿ ಅಳಲಿಲ್ಲ. "ಒಂದು ಬಂಗುಡೆಗೆ ಅರ್ಧ ದಿನ ಚೌಕಾಶಿ ಮಾಡುವವರು ನೀವು. ಇದಕ್ಕೆ ಬಾಯಿ ಬಿದ್ದುಹೋಯಿತಾ? ಪುತ್ತೂರಿನಲ್ಲಿ ಸರಕಾರ ಅಂತ ಒಂದು ಉಂಟಲ್ಲ, ಹೋಗಿ ಕೇಳಿ," ಎಂದಳು.

ಹೋದೆ. ಕಚೇರಿಯ ಗುಮಾಸ್ತರು ಮುಖ ಎತ್ತದೆ ಕೇಳಿದರು:

"ಮಗು ನಿಮ್ಮದಾ?"

"ಹಾಲು ನಮ್ಮದು ಸ್ವಾಮಿ."

"ಹಾಲಿನ ವ್ಯವಹಾರ ಹೋಟೆಲಿನವರ ಹತ್ತಿರ ಮಾರಾಯ್ರೆ. ಇಲ್ಲಿ ಎಂತಕ್ಕೆ ಬಂದದ್ದು?"

ಪಕ್ಕದವರು ನಕ್ಕರು. ನಾನು ಕದಲಲಿಲ್ಲ. ಅಂಗಡಿಯವನಿಗೆ ನಗು ಹೊಸತಲ್ಲ. ನಕ್ಕವನು ಆಮೇಲೆ ಮೆತ್ತಗಾಗುತ್ತಾನೆ. ಊಟದ ಹೊತ್ತಿಗೆ ಅದೇ ಗುಮಾಸ್ತರು, ಮಕ್ಕಳ ಯೋಗಕ್ಷೇಮ ನೋಡುವ ಒಬ್ಬರು ಅಧಿಕಾರಿ ಅಮ್ಮ ಮಂಗಳೂರಿನಿಂದ ಬರುವ ದಿನ ಯಾವುದೆಂದು ಹೇಳಿದರು. ಆ ದಿನ ಹೋಗಿ ಕಂಡೆ.

ಆ ಅಮ್ಮ ನನ್ನ ಮಾತು ಪೂರ್ತಿ ಕೇಳಿದರು. ಮೇಜಿನ ಮೇಲೆ ಸರಕಾರ ಅಚ್ಚು ಹಾಕಿಸಿದ ತೆಳ್ಳಗಿನ ಪುಸ್ತಕ ಇತ್ತು. ಅನಾಥಾಲಯ ನಡೆಸುವವರಿಗೂ ಬೇರೆಯವರ ಮಕ್ಕಳನ್ನು ಸಾಕುವವರಿಗೂ ಕೊಟ್ಟ ಸೂಚನೆಗಳು. ಹಾಳೆ ಮಗುಚುತ್ತ ಹೋದರು. ಒಂದು ಮಗುವಿಗೆ ಮಲಗಲು ಎಷ್ಟು ಜಾಗ, ಎಂಥ ಚಾಪೆ, ಕಿಟಕಿ ಎಷ್ಟು, ಊಟಕ್ಕೆ ಏನು. ಎಲ್ಲ ಇತ್ತು.

"ಇದರಲ್ಲಿ ನಿಮ್ಮ ಹಾಗೆ ಹಾಲು ಕೊಟ್ಟು ಸಾಕಿದವರು ಇಲ್ಲ," ಎಂದರು. "ತಂದೆ ಒಪ್ಪಿ ಕೊಟ್ಟದ್ದಕ್ಕೆ ಎಂತಾದರೂ ಬರಹ ಉಂಟಾ?"

"ಇಲ್ಲ ಅಮ್ಮ. ಹಾಲಿಗೆ ಬರಹ ಕೇಳುದು ಹೇಗೆ ಅಂತ..."

"ಕೋರ್ಟಿಗೆ ಹೋಗಬಹುದು. ವರ್ಷಗಟ್ಟಲೆ ಆದೀತು. ಗೆದ್ದರೂ ಗೆಲ್ಲಬಹುದು." ಅವರು ಪುಸ್ತಕದ ಒಂದು ಕಡೆ ಬೆರಳಿಟ್ಟರು. ಒಡಹುಟ್ಟಿದವರನ್ನು ಆದಷ್ಟು ಬೇರೆ ಮಾಡಬಾರದು ಎಂಬ ಅರ್ಥದ ಮಾತು ಅಲ್ಲಿತ್ತು. "ಅಕ್ಕ ಎಲ್ಲಿಗೆ ಹೋಗ್ತಾಳೆ?"

"ಊರಿಗೆ. ಅಜ್ಜಿ ಇದ್ದಾರಂತೆ. ಅವಳಿಗೆ ಅಲ್ಲಿಗೇ ಹೋಗಬೇಕು. ನಮ್ಮಲ್ಲಿ ಇರು ಅಂತ ಕೇಳಿದೆ, ಬೇಡ ಅಂತ ತಲೆ ಆಡಿಸಿದಳು."

"ಹಾಗಾದರೆ ಗೆದ್ದು ಎಂತ ಮಾಡ್ತೀರಿ ಸಾಹುಕಾರ್ರೆ? ಅಮ್ಮ ಹೋದಳು, ಅಪ್ಪ ಹೋದ. ಅಕ್ಕನನ್ನೂ ನೀವೇ ತೆಗೆದುಬಿಟ್ಟಿರಿ ಅಂತ ಒಂದು ದಿನ ಅವಳು ಕೇಳಿದರೆ?"

ಅವರು ಪುಸ್ತಕ ಮುಚ್ಚಿ ಮುಂದುವರಿಸಿದರು: "ನೀವು ವ್ಯಾಪಾರದವರು. ಕಳಿಸುದಾ ಬೇಡವಾ ಅಂತ ಚೌಕಾಶಿ ಮಾಡಬೇಡಿ. ಹೇಗೆ ಕಳಿಸುದು ಅಂತ ಮಾಡಿ. ಅದರಲ್ಲಿ ಮಗುವಿಗೆ ಬೇಕಾದ್ದೆಲ್ಲ ಉಂಟು."

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ಆ ಅಂಗಡಿ ಕೋಣೆಯ ಎದುರೇ ಹಾದುಬಂದೆ. ಅಂದು ಅದು ಕಣ್ಣಿಗೆ ಬೀಳಲಿಲ್ಲ. ಕಡಬ ಮುಟ್ಟುವಷ್ಟರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಮನಸ್ಸಿನಲ್ಲೇ ತೂಗಿ ಇಟ್ಟಿದ್ದೆ. ಹೆಂಡತಿಗೆ ಹೇಳಿದೆ. ಅವಳು ಒಲೆಯ ಎದುರು ಕೂತು ಬೆಂಕಿ ಸರಿಮಾಡಿದಳು.

"ತಂಗಿ ಬೇಕು ಅಂತ ಅಕ್ಕ ಕೇಳಿದರೆ ನಾನೂ ಇಲ್ಲ ಅನ್ನುತ್ತಿರಲಿಲ್ಲ," ಎಂದಳು. "ಆದರೆ ಅವರಿಗೆ ಅವಳ ಬಗ್ಗೆ ಎಂತ ಗೊತ್ತುಂಟು? ನೀರು ಬೇಕಾದರೆ ನಮ್ಮ ಬ್ಯಾರಿ ಮಾತಿನಲ್ಲಿ ತನ್ನಿ ಅಂತ ಕೇಳ್ತಾಳೆ. ಅಲ್ಲಿ ಅದಕ್ಕೆ ವೆಳ್ಳಂ ಅನ್ನಬೇಕು. ಅವಳು ಕೇಳಿ ಕೇಳಿ ಸುಮ್ಮನೆ ಬಾಯಾರಿ ಮಲಗುವವಳು."

ಅದೇ ನನ್ನ ಮೊದಲ ಷರತ್ತಾಯಿತು.

ಮಗುವಿನ ದೊಡ್ಡಪ್ಪನನ್ನು ಕರೆಸಿ, ಬೆಂಚಿನಲ್ಲಿ ಕೂರಿಸಿ, ಚಹಾ ತರಿಸಿದೆ. "ಚೇಟಾ, ಮಗುವನ್ನು ಕಳಿಸ್ತೇನೆ," ಎಂದೆ. ಅವನು ಜಗಳಕ್ಕೆ ತಯಾರಾಗಿ ಬಂದಿದ್ದ, ಕೊಡೆ ಕೆಳಗಿಟ್ಟ. "ಆದರೆ ನಿಮ್ಮ ಹೆಂಡತಿ ಮೊದಲು ಇಲ್ಲಿಗೆ ಬರಬೇಕು. ನಮ್ಮ ಮನೆಯಲ್ಲಿ ಉಳಿದು ಮಗುವಿನ ಅಭ್ಯಾಸ ಕಲಿಯಬೇಕು. ಸಾಕುವವರು ಅವರು, ನೀವು ಅಲ್ಲ."

"ಬ್ಯಾರಿಯ ಮನೆಯಲ್ಲಿ ಉಳಿಯುದಾ? ಊರಿನಲ್ಲಿ ಎಂತ ಹೇಳಿಯಾರು?"

"ನಿಮ್ಮ ತಮ್ಮನ ಮಗಳು ಹುಟ್ಟಿದಂದಿನಿಂದ ಉಳಿದಿದ್ದಾಳೆ. ಅದಕ್ಕೆ ಊರು ಎಂತ ಹೇಳಿತು?"

ಅವನು ಚಹಾ ಮುಗಿಸಿದ. ಇನ್ನೊಂದು ತರಿಸಿದೆ. ಮೂರು ದಿನ ಉಳಿಯಬಹುದು ಎಂದ. ನಾನು ತಿಂಗಳು ಎಂದೆ. ಒಂದು ವಾರಕ್ಕೆ ನಿಂತಿತು. ಎರಡನೆಯದು, ಅಕ್ಕತಂಗಿ ಒಂದೇ ಚಾಪೆಯಲ್ಲಿ ಮಲಗಬೇಕು. ಅದಕ್ಕೆ ತಕರಾರಿಲ್ಲ ಎಂದ. ಮೂರನೆಯದು, ವರ್ಷಕ್ಕೊಮ್ಮೆ ಅವಳನ್ನು ಕರೆದು ತರಬೇಕು. ಇದಕ್ಕೆ ಅವನು ಗುಡ್ಡದ ಕಡೆ ಕೈ ತೋರಿಸಿದ. "ತಮ್ಮನ ಸಮಾಧಿ ಇಲ್ಲಿ ಉಂಟಲ್ಲ. ಬರ್ತೇವೆ," ಎಂದ. ನಾನು ಹಾಳೆ ಮುಂದಿಟ್ಟು ಮೂರನ್ನೂ ಬರೆಸಿ ರುಜು ಹಾಕಿಸಿದೆ. ಈ ಸಲ ಜಗಲಿಯ ಹಿರಿಯರು ಯಾರೂ ನಗಲಿಲ್ಲ.

ಆ ಹೆಂಗಸು ಬಂದದ್ದು ತಾನೇ ಕಟ್ಟಿತಂದ ಅವಲಕ್ಕಿ ಚೀಲದೊಂದಿಗೆ. ನಮ್ಮ ಒಲೆಯ ಅನ್ನ ಉಣ್ಣುವುದೋ ಬೇಡವೋ ಎಂಬ ಅನುಮಾನ. ಮೊದಲ ದಿನ ಅವಲಕ್ಕಿಯೇ ತಿಂದಳು. ಮರುದಿನ ಕೆಂಡದಲ್ಲಿ ಸುಟ್ಟ ಒಣಮೀನಿಗೆ ತೆಂಗಿನಕಾಯಿ ಅರೆಯುವ ಪರಿಮಳ ಬಂದಾಗ ಅಡುಗೆ ಕೋಣೆಯ ಹೊಸ್ತಿಲಿಗೆ ಬಂದು, "ಹುಳಿ ಸ್ವಲ್ಪ ಕಡಿಮೆ ಆಯ್ತೇನೋ," ಎಂದಳು. ನನ್ನ ಹೆಂಡತಿ, "ಹೌದಾ? ಹಾಗಾದರೆ ನೀವೇ ಅರೆಯಿರಿ," ಎಂದು ಕಲ್ಲು ಬಿಟ್ಟುಕೊಟ್ಟಳು. ಅಲ್ಲಿಂದ ಮುಂದೆ ಅವರಿಬ್ಬರ ಮಾತಿಗೆ ನಾನು ಬೇಕಾಗಲಿಲ್ಲ.

ಹೊರಗಿನಿಂದ ಕೇಳುತ್ತಿತ್ತು. ಮಲಗುವಾಗ ಕಿವಿಯ ತುದಿ ಹಿಡಿಯಲು ಬೇಕು, ತನ್ನದಲ್ಲ, ಪಕ್ಕದಲ್ಲಿ ಮಲಗಿದವರದ್ದು. ನರಿ ಕೂಗಿದರೆ ಹೆದರುತ್ತಾಳೆ, ನಗಬೇಡಿ. ಎಣ್ಣೆ ಹಚ್ಚುವಾಗ ಬಲಗಿವಿಯ ಹಿಂದೆ ಮೆಲ್ಲಗೆ, ಅಲ್ಲೊಂದು ಗಾಯದ ಕಲೆ ಉಂಟು. ಕೋಪ ಬಂದರೆ ಮಾತಾಡುವುದಿಲ್ಲ, ಕೋಳಿಗೂಡಿನ ಹಿಂದೆ ಹೋಗಿ ಕೂರುತ್ತಾಳೆ. ಹುಡುಕುತ್ತ ಹೋಗಬೇಕು, ಆದರೆ ಬೇಗ ಸಿಕ್ಕಿದಂತೆ ಮಾಡಬಾರದು. ಆ ಹೆಂಗಸು ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸುತ್ತಿದ್ದಳು. ವಾರದ ಕೊನೆಗೆ ಚಿಕ್ಕವಳು ಅಂಗಳದಿಂದ "ತನ್ನಿ" ಎಂದು ಕೂಗಿದಾಗ ಚೆಂಬು ಹಿಡಿದು ಎದ್ದವಳು ಆ ಹೆಂಗಸು. ನನ್ನ ಹೆಂಡತಿ ಅರ್ಧ ಎದ್ದವಳು ಮತ್ತೆ ಕೂತಳು.

ಹೊರಡುವ ದಿನ ಹೊಸ ಲಂಗ ಹೊಲಿಸಿದ್ದೆ. ಹೆಂಡತಿ ಅದನ್ನು ಗಂಟಿನ ಅಡಿಗೆ ಹಾಕಿ, ತಾನು ಹಿಂದಿನ ದಿನ ಉಟ್ಟ, ಒಗೆಯದ ಒಂದು ತುಂಡು ಬಟ್ಟೆಯನ್ನು ಮೇಲಿಟ್ಟಳು. ಅದರಲ್ಲಿ ಅವಳ ಮೈಯ ವಾಸನೆ ಇತ್ತು. ಬಸ್ಸಿನ ಬಳಿ ಮಗು ನಗುತ್ತಿದ್ದಳು. ಪುತ್ತೂರು ದಾಟಿ ರೈಲು ಹತ್ತುವ ಸಡಗರ. ಅಕ್ಕನ ಕೈ ಹಿಡಿದು ಮೆಟ್ಟಿಲು ಹತ್ತಿ, ಕಿಟಕಿಯಿಂದ, "ಉಮ್ಮ, ನೀನು ಹಿಂದಿನಿಂದ ಬರುವ ಬಸ್ಸಿಗೆ ಬರ್ತಿ ಅಲ್ವಾ?" ಎಂದು ಕೇಳಿದಳು.

"ಇಲ್ಲ ಮಗಳೇ. ನಾನು ಬರುದಿಲ್ಲ. ನೀನೇ ಬರಬೇಕು," ಎಂದಳು ಹೆಂಡತಿ. ಸುಳ್ಳು ಹೇಳಲಿಲ್ಲ. ಬಸ್ಸು ಹೊರಟಾಗ ನಗು ನಿಂತದ್ದನ್ನು ನಾವು ನೋಡಬೇಕಾಯಿತು.

ಮರುವರ್ಷ ದೊಡ್ಡಪ್ಪ ಮಾತು ಉಳಿಸಿಕೊಂಡ. ಸಮಾಧಿಗೆ ಮೇಣದ ಬತ್ತಿ ಹಚ್ಚಿ, ಮಕ್ಕಳನ್ನು ನಮ್ಮ ಮನೆಗೆ ಕರೆತಂದ. ಅವಳು ಎತ್ತರ ಆಗಿದ್ದಳು, ಮೈ ತುಂಬಿತ್ತು, ಜಡೆ ಚೆನ್ನಾಗಿ ಹೆಣೆದಿತ್ತು. ಬಾಗಿಲಿನಿಂದ ಓಡಿ ಒಳಗೆ ಹೋಗುತ್ತಾಳೆಂದು ನಾವು ದಾರಿ ಬಿಟ್ಟು ನಿಂತಿದ್ದೆವು. ಅವಳು ಜಗಲಿಯಲ್ಲಿ, ಬಂದ ನೆಂಟರು ಕೂರುವ ಕುರ್ಚಿಯಲ್ಲಿ ಕೂತಳು. ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸಿದಳು. ಬಾಯಾರಿತೆಂದಾಗ ಕೇಳಿದ್ದು "ವೆಳ್ಳಂ".

ಹೆಂಡತಿ ಒಳಗೆ ಹೋಗಿ, ನೆಂಟರಿಗೆಂದು ಎತ್ತಿಟ್ಟ ಲೋಟ ತೊಳೆದು, ಅದರಲ್ಲಿ ನೀರು ತಂದುಕೊಟ್ಟಳು. ಆಮೇಲೆ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಆ ಹೆಂಗಸು ಚೆನ್ನಾಗಿ ನೋಡಿಕೊಂಡಿದ್ದಾಳೆ. ಅದಕ್ಕೇ ಮರೆತದ್ದು."

ಆಮೇಲೆ ಅವರು ಬರಲಿಲ್ಲ. ಗುಡ್ಡದ ಜಾಗ ಮಾರಿದರಂತೆ. ನನ್ನ ಬಳಿ ಹಾಳೆ ಇತ್ತು. ಅದನ್ನು ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಲಿ? ಮತ್ತೆ ನಮಗೆ ಮಕ್ಕಳಾಗಲಿಲ್ಲ.

ಈಗಲೂ ಯಾರಾದರೂ ಬೇರೆಯವರ ಮಗುವನ್ನು ಸಾಕಲು ಹೊರಟರೆ ನನ್ನ ಹತ್ತಿರ ಕೇಳಲು ಬರುತ್ತಾರೆ. ನಿಮಗೂ ಹೇಳುತ್ತೇನೆ. ಮಗುವನ್ನು ಎತ್ತಿಕೊಳ್ಳಿ, ಅದಕ್ಕೆ ತಡ ಮಾಡಬೇಡಿ; ಆದರೆ ಹೆತ್ತವರು ಬದುಕಿರುವಾಗಲೇ ಅವರ ಜೊತೆಗೆ ಕಚೇರಿಗೆ ಹೋಗಿ, "ನಾಳೆ ನೀವಿಲ್ಲದಿದ್ದರೆ ಇವಳು ಎಲ್ಲಿ?" ಎಂದು ಬಾಯಿಬಿಟ್ಟು ಕೇಳಿ ಬರೆಸಿ. ಆ ಪ್ರಶ್ನೆ ಕೇಳಿದ್ದರಿಂದ ಯಾರೂ ಸತ್ತದ್ದನ್ನು ನಾನು ಕಂಡಿಲ್ಲ. ಮಗುವಿನ ಹೆಸರು, ದೇವರು, ಒಡಹುಟ್ಟಿದವರು, ಇವನ್ನು ಮುಟ್ಟಬೇಡಿ. ಗುಮಾಸ್ತರು ನಕ್ಕರೆ ಊಟದ ಹೊತ್ತಿನ ತನಕ ಕೂತಿರಿ. ಕಳಿಸಬೇಕಾಗಿ ಬಂದರೆ, ಕರೆದುಕೊಂಡು ಹೋಗುವ ಹೆಂಗಸನ್ನು ಮೊದಲು ನಿಮ್ಮ ಒಲೆಯ ಹತ್ತಿರ ಕೂರಿಸಿ. ವರ್ಷಕ್ಕೊಮ್ಮೆ ಎಂದು ಒಪ್ಪಬೇಡಿ, ಅದು ದೂರವಾಯಿತು. ಮೊದಲ ವರ್ಷ ಪ್ರತಿ ತಿಂಗಳಿಗೂ ಹಟ ಹಿಡಿಯಿರಿ, ಬಸ್ಸಿನ ಖರ್ಚು ನಿಮ್ಮದೇ ಎನ್ನಿ. ಮತ್ತೆ ನೀವು ಅಧಿಕಾರಿಗಳಾದರೆ, ಮಗು ಹೋದ ಮನೆಗೆ ಒಮ್ಮೆ ಹೋಗುವ ಹಾಗೆಯೇ, ಮಗು ಬಿಟ್ಟು ಹೋದ ಮನೆಗೂ ಒಮ್ಮೆ ಬಂದು ಜಗಲಿಯಲ್ಲಿ ಕೂತು ಹೋಗಿ. ನಮ್ಮಲ್ಲಿಗೆ ಯಾರೂ ಬರಲಿಲ್ಲ.

ನೀವು ಗಂಡಸಾದರೆ ಇನ್ನೊಂದು. ಮಗು ಹೋದ ಮರುದಿನ ಅಂಗಡಿ ತೆರೆಯಬೇಡಿ. ಹೆಂಡತಿ ಗಂಜಿಗೆ ಅಕ್ಕಿ ಅಳೆಯುವಾಗ ಹತ್ತಿರದಲ್ಲೇ ಇರಿ. ಅಭ್ಯಾಸಬಲದಲ್ಲಿ ಒಂದು ಮುಷ್ಟಿ ಹೆಚ್ಚು ಹಾಕುತ್ತಾಳೆ. ಆಗ ಏನೂ ಹೇಳಬೇಡಿ. ಆ ದಿನ ನೀವೇ ಎರಡು ಸಲ ಉಣ್ಣಿ.